ಇನ್ನೂರ ಒಂಬತ್ತನೆಯ ಸಾಲು

ಬಿಳಿಯ ಪರದೆಯ ಮೇಲೆ ಎರಡು ವೃತ್ತಗಳು, ಅವುಗಳ ನಡುವೆ ಒಂದು ಬೂದು ಗೆರೆ. ಆ ಊರನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಅದರ ಬೀದಿಗಳಲ್ಲ, ನದಿಯಲ್ಲ, ಈ ಚಿತ್ರ. ಎಡಗಡೆಯ ವೃತ್ತದೊಳಗೆ ಸತ್ತವರ ಹೆಸರುಗಳಿದ್ದವು. ಬಲಗಡೆಯದರೊಳಗೆ ಅವರ ಮೂಳೆಗಳಿದ್ದವು. ಗೆರೆ ಎಳೆದವನು ನಾನು. ಮೌಸನ್ನು ಒತ್ತಿ ಹಿಡಿದು ಒಂದರಿಂದ ಇನ್ನೊಂದಕ್ಕೆ ಎಳೆದೆ, ಬಿಟ್ಟೆ. ಒಂದು ಉಸಿರಿನಷ್ಟು ಹೊತ್ತೂ ಹಿಡಿಯಲಿಲ್ಲ.

ನಾನು ಅಲ್ಲಿಗೆ ಹೋಗುವ ಮೊದಲೇ ನದಿ ದಡವನ್ನು ಕೊರೆಯುತ್ತ ಕೊರೆಯುತ್ತ ಹಳೆಯ ಸ್ಮಶಾನದ ಗೋಡೆಯವರೆಗೆ ಬಂದಿತ್ತು. ಗೋಡೆಯ ಮೂಲೆ ಕುಸಿದು ಎರಡು ಕುಣಿಗಳು ನೀರುಪಾಲಾಗುವ ಹಾಗಾದ ಮೇಲೆ, ಸತ್ತವರನ್ನೆಲ್ಲ ದಿಬ್ಬದ ಮೇಲಿನ ಹೊಸ ಜಾಗಕ್ಕೆ ಒಯ್ಯಲು ಊರು ಒಪ್ಪಿತು. ಕೆಲಸ ಹದಿನೇಳು ದಿನ ನಡೆಯಿತು. ಹದಿನೇಳೂ ದಿನ ಊರಿನ ಒಬ್ಬರೂ ಆ ಕಡೆ ಸುಳಿಯಲಿಲ್ಲ. ಒಮ್ಮೆ ಮಣ್ಣಾದವರನ್ನು ಎರಡನೆಯ ಸಲ ನೋಡಬಾರದೆಂಬ ಕಟ್ಟಳೆ ಅಲ್ಲಿ ಬಹಳ ಬಿಗಿ. ಕುಣಿ ತೋಡುವ ಭರಮಪ್ಪ, ಅವನ ಮನೆಯ ನಾಲ್ವರು, ಸುತ್ತ ಗೋಣಿತಟ್ಟು ಕಟ್ಟಿಕೊಂಡು ಒಂದೊಂದೇ ಕುಣಿ ತೆರೆದರು. ಸಿಕ್ಕಿದ್ದನ್ನು ಮರದ ಪೆಟ್ಟಿಗೆಗೆ ತುಂಬಿ, ಮುಚ್ಚಳ ಬಡಿದು, ದಿಬ್ಬ ಹತ್ತಿಸಿದರು. ಅವರೂ ಹೆಸರು ಹಿಡಿದು ಮಾತಾಡುವಂತಿರಲಿಲ್ಲ. ಹೊತ್ತು ನಡೆಯುವಾಗ ಹೆಸರು ಕಿವಿಗೆ ಬಿದ್ದರೆ ಸತ್ತವರು ಎದ್ದು ಕೂರುತ್ತಾರಂತೆ.

ಹೀಗಾಗಿ ಯಾರು ಎಲ್ಲಿದ್ದಾರೆ ಎಂಬುದಕ್ಕೆ ಉಳಿದದ್ದು ಎರಡೇ ಪಟ್ಟಿ. ಒಂದು ಹಳೆಯ ಸ್ಮಶಾನದ ದಾಖಲೆ ಪುಸ್ತಕ: ಕ್ರಮಸಂಖ್ಯೆ, ಹೆಸರು, ಗಂಡೋ ಹೆಣ್ಣೋ, ವಯಸ್ಸು. ಅದರಲ್ಲಿ ಅರವತ್ತು ಸಾಲುಗಳಲ್ಲಿ ಕ್ರಮಸಂಖ್ಯೆ ಬಿಟ್ಟು ಉಳಿದದ್ದನ್ನು ಗೆದ್ದಲು ತಿಂದಿತ್ತು. ಇನ್ನೊಂದು, ದಿಬ್ಬದ ಮೇಲೆ ಕೂತ ಗುಮಾಸ್ತ ಭರಮಪ್ಪನ ಬಾಯಿಂದ ಕೇಳಿ ಬರೆದದ್ದು: ಹೊಸ ಕುಣಿಯ ಸಂಖ್ಯೆ, ಹಳೆಯ ಕುಣಿ ಎಷ್ಟು ಉದ್ದವಿತ್ತು, ಒಳಗೆ ಏನು ಸಿಕ್ಕಿತು. ಎರಡನ್ನೂ ಜೋಡಿಸಿ ಯಾವ ಹೊಸ ಕುಣಿ ಯಾರದೆಂದು ಹೇಳುವುದು ನನ್ನ ಕೆಲಸ. ಹೆಸರು ಅಳಿದವರ ವಿಷಯದಲ್ಲಿ, ಹೆಸರಿರುವವರಿಂದ ಯಂತ್ರಕ್ಕೆ ಕಲಿಸಿ, ಇದು ಗಂಡಸಿನದೋ ಹೆಂಗಸಿನದೋ ಮಗುವಿನದೋ ಎಂದು ಊಹೆ ಮಾಡಿಸಬೇಕು.

"ದಿನಾ ಬಂದು ಬಾಗಿಲ ಮುಂದ ಕೂಡ್ತಾರ್ರಿ," ಎಂದರು ನನ್ನನ್ನು ಈ ಕೆಲಸಕ್ಕೆ ಕರೆಸಿದ್ದ ಊರ ಕಚೇರಿಯ ಮುಖ್ಯಸ್ಥೆ ಅರಳಿಕಟ್ಟಿ ಮೇಡಂ, ನಾನು ಚೀಲ ಕೆಳಗಿಡುವ ಮೊದಲೇ. "ನಮ್ಮವ್ವ ಎಲ್ಲಿ, ನನ್ನ ಗಂಡ ಎಲ್ಲಿ ಅಂತ ಕೇಳ್ತಾರ. ಎಲ್ಲಿ ಕೈ ಮುಗೀಬೇಕು ಅಂತ ತೋರಸ್ರಿ, ಅಷ್ಟು ಸಾಕು."

ನಾನು ಬಳಸುತ್ತಿದ್ದ ತಂತ್ರಾಂಶದಲ್ಲಿ ಏನನ್ನೂ ಬರೆಯಬೇಕಾಗಿರಲಿಲ್ಲ. ಎಲ್ಲವೂ ಚಿತ್ರ. ಒಂದು ವೃತ್ತ ಒಂದು ಪಟ್ಟಿಯನ್ನು ಓದುತ್ತದೆ, ಇನ್ನೊಂದು ವೃತ್ತ ಖಾಲಿ ಜಾಗ ತುಂಬುತ್ತದೆ, ಮತ್ತೊಂದು ಕಲಿಯುತ್ತದೆ. ಅವನ್ನು ಗೆರೆಗಳಿಂದ ಪೋಣಿಸಿದರೆ ಮಾಹಿತಿ ಕಾಲುವೆಯ ನೀರಿನಂತೆ ಹರಿದುಹೋಗುತ್ತದೆ. ಎರಡು ಪಟ್ಟಿಗಳನ್ನು ಕೂಡಿಸುವ ವೃತ್ತವೊಂದೇ ನಮ್ಮನ್ನು ಪ್ರಶ್ನೆ ಕೇಳುವುದು. ಈ ಸಾಲು ಆ ಸಾಲಿಗೆ ಸೇರಿದ್ದೆಂದು ಹೇಗೆ ತಿಳಿಯಲಿ? ಉತ್ತರ ಎರಡು. ಎರಡೂ ಪಟ್ಟಿಯಲ್ಲಿರುವ ಒಂದೇ ಗುರುತನ್ನು ನೋಡಿ ಕೂಡಿಸು; ಇಲ್ಲವೇ, ಮೊದಲನೆಯದಕ್ಕೆ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು ಎಂದು ಸಾಲಿನ ಕ್ರಮದಂತೆ ಕೂಡಿಸು.

ಎರಡೂ ಪಟ್ಟಿಗೆ ಸಮಾನವಾದ ಗುರುತು ಇರಲಿಲ್ಲ. ಪುಸ್ತಕದಲ್ಲಿದ್ದದ್ದು ಹಳೆಯ ಸಂಖ್ಯೆ, ಗುಮಾಸ್ತನ ಹಾಳೆಗಳಲ್ಲಿದ್ದದ್ದು ಹೊಸದು. ನಾನು ಭರಮಪ್ಪನನ್ನು ಕರೆಸಿ, ಕುಣಿಗಳನ್ನು ಪುಸ್ತಕದ ಕ್ರಮದಲ್ಲೇ ತೆರೆದಿರಾ ಎಂದು ಕೇಳಿದೆ.

"ಮೊದಲಿಂದ ಕೊನೀತನಕ ಒಂದೂ ಹಿಂದಮುಂದ ಆಗಿಲ್ರಿ," ಎಂದ. ಅದು ನಿಜವೇ ಆಗಿತ್ತು.

ಎರಡೂ ಪಟ್ಟಿಗಳ ಸಾಲುಗಳನ್ನು ಎಣಿಸಿದೆ. ಅಲ್ಲಿ ನಾನೂರ ಹನ್ನೆರಡು. ಇಲ್ಲಿಯೂ ನಾನೂರ ಹನ್ನೆರಡು. ಇನ್ನೇನು ಬೇಕು? ಸಾಲಿನ ಕ್ರಮದಂತೆ ಎಂಬುದನ್ನು ಒತ್ತಿದೆ.

ಯಂತ್ರ ಕಲಿಯಿತು. ನೂರರಲ್ಲಿ ಎಪ್ಪತ್ತೆಂಟು ಸಲ ಸರಿಯಾಗಿ ಹೇಳಿತು. ಕೆಲವು ಗಂಡಸರ ಸಾಲಿನಲ್ಲಿ ಕಾಲುಂಗುರವಿತ್ತು, ಒಂದು ಎಳೆಗೂಸಿನ ಎದುರು ದೊಡ್ಡವರಷ್ಟು ಉದ್ದದ ಕುಣಿಯಿತ್ತು. ಸತ್ತವರ ಜೊತೆ ಯಾರು ಏನಿಟ್ಟು ಕಳಿಸುತ್ತಾರೋ ಯಾರಿಗೆ ಗೊತ್ತು ಎಂದುಕೊಂಡೆ. ಗುಮಾಸ್ತ ಏನೂ ಬರೆಯದೆ ಬಿಟ್ಟ ಪಟ್ಟಿಯ ಚೌಕಗಳು ಮೂವತ್ತರಷ್ಟಿದ್ದವು. ಅವನ್ನು ಉಳಿದವರ ಸರಾಸರಿಯಿಂದ ತುಂಬುವಂತೆ ಹೇಳಿದೆ. ಪ್ರತಿ ಸಾಲನ್ನೂ ಒಂದು ಚುಕ್ಕೆಯಾಗಿ ತೋರಿಸುವ ನಕ್ಷೆಯ ಮೇಲೆ ಒಂದು ಚುಕ್ಕೆ ಮಾತ್ರ ಎಲ್ಲರಿಂದ ದೂರ, ಮೂಲೆಯಲ್ಲಿ, ಒಂಟಿಯಾಗಿ ನಿಂತಿತ್ತು. ಅದರ ಮೇಲೆ ಮೌಸಿನ ಬಾಣ ಇಟ್ಟು ನೋಡಿದೆ. ಇನ್ನೂರ ಎಂಟನೆಯ ಸಾಲು: ಫಕೀರಪ್ಪ ಬಡಿಗೇರ, ಗಂಡು, ಎಪ್ಪತ್ತೊಂದು ವರ್ಷ. ಕುಣಿಯ ಉದ್ದ ಮೂರೂವರೆ ಅಡಿ. ಸಿಕ್ಕಿದ್ದು: ಸಣ್ಣ ಅಳತೆಯ ಹಸಿರು ಗಾಜಿನ ಬಳೆ, ಆರು.

ಬರೆಯುವಾಗಿನ ತಪ್ಪು ಎಂದುಕೊಂಡು ಆ ಚುಕ್ಕೆಯನ್ನು ತೆಗೆದುಹಾಕಿದೆ. ಎಪ್ಪತ್ತೆಂಟು ಎಪ್ಪತ್ತೊಂಬತ್ತಾಯಿತು. ಮೇಡಂ ಎಲ್ಲರಿಗೂ ಚಹಾ ತರಿಸಿದರು. ಎರಡು ತಿಂಗಳಲ್ಲಿ ದಿಬ್ಬದ ಮೇಲೆ ಕಲ್ಲುಗಳು ನಿಂತವು, ಬಾಗಿಲ ಮುಂದೆ ಕೂರುವವರು ಎದ್ದುಹೋದರು, ನದಿ ಹಳೆಯ ಸ್ಮಶಾನವನ್ನು ಪೂರ್ತಿಯಾಗಿ ತೆಗೆದುಕೊಂಡಿತು. ಕಚೇರಿಯ ಬೇರೆ ಪಟ್ಟಿಗಳ ಕೆಲಸಕ್ಕೆಂದು ನನ್ನನ್ನು ಉಳಿಸಿಕೊಂಡರು.

ಬಾಳವ್ವ ಬಂದದ್ದು ಅದಾಗಿ ಒಂದು ವರ್ಷಕ್ಕೆ. ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿದು ಬದುಕುವ ಹೆಂಗಸು, ವಯಸ್ಸು ಅರವತ್ತರ ಆಸುಪಾಸು. ಮೆಟ್ಟಿಲು ಹತ್ತಿದ್ದಕ್ಕೇ ಉಸಿರು ಸಿಕ್ಕಿಹಾಕಿಕೊಂಡಿತ್ತು. ಗೋಡೆ ಹಿಡಿದು ನಿಂತು ಸುಧಾರಿಸಿಕೊಂಡಳು.

"ಕಂಪ್ಯೂಟರಿನ್ಯಾಗ ಸತ್ತವರನ್ನ ಹುಡುಕಾವ ನೀನೇನು?"

"ಹೌದಮ್ಮ."

"ಇಷ್ಟು ಸಣ್ಣಾವ! ನಾ ಯಾರೋ ಗಡ್ಡದಾವ ಇರಬೇಕು ಅಂದ್ಕೊಂಡಿದ್ದೆ." ಎದುರಿನ ಕುರ್ಚಿಯಲ್ಲಿ ಕೂತಳು. "ನನ್ನ ಮಗಳು ಕಸ್ತೂರಿ. ಒಂಬತ್ತು ವರ್ಷದಾಕಿ ಹೋದಳು. ಇನ್ನೂರ ಒಂಬತ್ತು ಅಂತ ಕಲ್ಲು ನಿಲ್ಲಿಸೀರಿ. ಆಕಿ ಅಲ್ಲಿಲ್ಲ."

ಹೇಗೆ ಹೇಳುತ್ತೀರಿ ಎಂದೆ.

"ಹಳೇ ಜಾಗದಾಗ ಕೂತು ಮಾತಾಡಿದ್ರ ಕೇಳಸ್ಕೊಳ್ತಿದ್ಲು. ತಿರುಗಿ ಏನೂ ಅಂತಿರಲಿಲ್ಲ; ಇದ್ದಾಗೂ ಆಕಿದು ಮಾತು ಕಡಿಮೀನ. ಆದ್ರ ಕೇಳ್ತಾಳ ಅನ್ನೋದು ಗೊತ್ತಾಗ್ತಿತ್ತು. ಇಲ್ಲಿ ವರ್ಷ ಆತು, ಮಂದಿ ಬಿಟ್ಟು ಹೋದ ಮನಿ ಬಾಗಿಲಾ ಬಡದಂಗ ಆಗಾಕತ್ತೈತಿ." ಸ್ವಲ್ಪ ತಡೆದು ಉಸಿರೆಳೆದುಕೊಂಡಳು. "ನನ್ನ ಎದಿ ನೋಡಿದೆಲ್ಲ. ಡಾಕ್ಟರು ಬಾಯಿ ಬಿಟ್ಟು ಹೇಳೋದಿಲ್ಲ, ನನಗ ಗೊತ್ತೈತಿ. ಆಕಿ ಬಾಜೂಕ ಮಲಗಬೇಕು ನಾನು. ಅದಕ್ಕ ಎಲ್ಲಿ ಅದಾಳ ಅಂತ ಖರೇ ಹೇಳು. ಬ್ಯಾರೆ ಏನೂ ಬ್ಯಾಡ."

ಅವಳನ್ನು ಸಮಾಧಾನಪಡಿಸಲು ಪರದೆಯನ್ನು ಅವಳ ಕಡೆ ತಿರುಗಿಸಿದೆ. ಎರಡು ವೃತ್ತಗಳು, ಬೂದು ಗೆರೆ. ಇದರಲ್ಲಿ ಹೆಸರು, ಇದರಲ್ಲಿ ಪೆಟ್ಟಿಗೆ ಎಂದು ತೋರಿಸಿದೆ. ಅವಳು ಕೌದಿಯ ಹೊಲಿಗೆಯನ್ನು ನೋಡುವವಳಂತೆ ಬಗ್ಗಿ ನೋಡಿದಳು.

"ಇದೊಂದ ದಾರ ಏನು ನಡುವ?"

"ಒಂದೇ ಸಾಕು."

"ಅದನ್ನ ತಪ್ಪು ಚುಚ್ಚಿದ್ರ?"

"ಹಾಗಾಗುವುದಿಲ್ಲ ಬಾಳವ್ವ. ಎರಡೂ ಕಡೆ ಲೆಕ್ಕ ಸರಿಯಾಗಿ ಕೂತಿದೆ."

"ಹಂಗಾದ್ರ ಪೆಟಿಗ್ಯಾಗ ಏನು ಸಿಕ್ತು ಅಂತ ಓದು."

ಇನ್ನೂರ ಒಂಬತ್ತನೆಯ ಸಾಲನ್ನು ತೆರೆದೆ. ಕುಣಿಯ ಉದ್ದ ಐದು ಅಡಿ ಎರಡು ಅಂಗುಲ. ಸಿಕ್ಕಿದ್ದು ಬಟ್ಟೆಯ ಚೂರು. ಅದನ್ನೇ ಓದಿದೆ.

"ಬಳಿ ಬರದಿಲ್ಲೇನು? ನಾನ ಕೈಯಾರೆ ಹಾಕೀನಿ. ಹಸರು ಬಳಿ. ಆ ಕೈಗೆ ಮೂರು, ಈ ಕೈಗೆ ಮೂರು."

ಮಣ್ಣಿನಲ್ಲಿ ಒಡೆದಿರಬಹುದು ಎಂದುಬಿಟ್ಟೆ. ಬಾಯಿಂದ ಮಾತು ಹೊರಡುವಾಗಲೇ ನೆನಪಾಯಿತು: ಆರು ಹಸಿರು ಬಳೆಗಳನ್ನು ನಾನು ಎಲ್ಲೋ ಓದಿದ್ದೆ. ಅವಳು ನನ್ನ ಮುಖವನ್ನು ನೋಡಿದಳು. ಗೋಡೆ ಹಿಡಿದುಕೊಂಡು ಇಳಿದುಹೋದಳು.

ಆ ಮಧ್ಯಾಹ್ನವೇ ದಿಬ್ಬ ಹತ್ತಿದೆ. ಬಿಸಿಲಿಗೆ ಕಲ್ಲುಗಳು ಬಿಳಿಚಿಕೊಂಡು ನಿಂತಿದ್ದವು. ಇನ್ನೂರ ಒಂಬತ್ತರ ಮುಂದೆ ಬಾಳವ್ವ ಕೂತೂ ಕೂತೂ ಹುಲ್ಲು ಸವೆದು ಒಂದು ಮಣೆಯಷ್ಟು ಜಾಗ ಬೋಳಾಗಿತ್ತು. ಪಕ್ಕದ ಇನ್ನೂರ ಎಂಟರ ಮುಂದೆ ಎರಡು ವೀಳ್ಯದೆಲೆ, ಒಂದು ಚಿಟಿಕೆ ತಂಬಾಕು. ಫಕೀರಪ್ಪನ ಮಗ ವಾರಕ್ಕೊಮ್ಮೆ ಇಟ್ಟು ಹೋಗುತ್ತಿದ್ದನಂತೆ. ಎರಡು ಕಲ್ಲುಗಳ ನಡುವೆ ನಿಂತಿದ್ದಾಗ, ಎಡಗಡೆಯ ಇನ್ನೂರ ಎಂಟರಿಂದ ಯಾರೋ ನನ್ನನ್ನು ನೋಡುತ್ತಿದ್ದಾರೆಂದು ಅನ್ನಿಸಿತು. ಬಲಗಡೆಯಿಂದ ಯಾರೂ ಇಲ್ಲವೆಂದು ಅಷ್ಟೇ ಸ್ಪಷ್ಟವಾಗಿ ಅನ್ನಿಸಿತು. ನಾನು ಅಂಥದ್ದನ್ನು ನಂಬುವವನಲ್ಲ. ಆದರೂ ಎಡಕ್ಕೆ ತಿರುಗಲು ಆಗಲಿಲ್ಲ.

ಕಚೇರಿಗೆ ಬಂದು ಗುಮಾಸ್ತನ ಮೂಲ ಹಾಳೆಗಳನ್ನು ತೆಗೆದೆ. ಇನ್ನೂರ ಒಂಬತ್ತರ ಮುಂದೆ ಸಂಖ್ಯೆಯೊಂದೇ ಇತ್ತು. ಉದ್ದವಿಲ್ಲ, ಸಿಕ್ಕಿದ್ದಿಲ್ಲ. ಬಾಳವ್ವನಿಗೆ ನಾನು ಓದಿ ಹೇಳಿದ್ದು ಅವಳ ಮಗಳ ಕುಣಿಯ ಉದ್ದವಲ್ಲ, ಇಡೀ ಸ್ಮಶಾನದ ಸರಾಸರಿ. ಆ ಬಟ್ಟೆಯ ಚೂರು ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬಂದ ಮಾತು. ಏನೂ ಇಲ್ಲದ ಜಾಗಕ್ಕೆ ಎಲ್ಲರಿಂದ ಚೂರು ಚೂರು ಕಿತ್ತು ಒಬ್ಬ ಹುಡುಗಿಯನ್ನು ಮಾಡಿ ಕೂರಿಸಿದ್ದೆ. ನಿಜವಾದ ಹುಡುಗಿ ಮೂಲೆಯಲ್ಲಿ ಒಂಟಿಯಾಗಿ ನಿಂತು ಬಳೆ ತೋರಿಸಿದಾಗ ಅವಳನ್ನು ಅಳಿಸಿದ್ದೆ.

ಭರಮಪ್ಪನ ಮನೆ ದಿಬ್ಬದ ಹಿಂದೆ. ಅವನು ಗುದ್ದಲಿಗೆ ಕಾವು ಕೂರಿಸುತ್ತಿದ್ದ. ಹಾಳೆಯನ್ನು ಅವನ ಮುಂದಿಟ್ಟು, ಇಲ್ಲಿ ಏಕೆ ಏನೂ ಬರೆದಿಲ್ಲ ಎಂದು ಕೇಳಿದೆ.

"ಬರಿಯೋದು ಬ್ಯಾಡ ಅಂತ ನಾನ ಹೇಳಿದ್ದೆ."

"ಯಾಕೆ?"

"ಸಾಹೇಬ್ರ, ಬಿಸಲಾಗ ಬಂದೀರಿ. ಮಜ್ಜಿಗಿ ಕುಡೀರಿ, ಹೋಗ್ರಿ."

"ಪಕ್ಕದ ಕುಣಿಯಲ್ಲಿ ಸಣ್ಣ ಬಳೆ ಸಿಕ್ಕಿವೆ. ಕಲ್ಲಿನ ಮೇಲೆ ಮುದುಕನ ಹೆಸರಿದೆ. ನಿನಗೆ ಗೊತ್ತಿತ್ತಲ್ಲ?"

ಅವನು ಕಾವನ್ನು ನೆಲಕ್ಕೆ ಕುಟ್ಟಿ ಕುಟ್ಟಿ ಕೂರಿಸಿದ. ಆಮೇಲೆ ಎದ್ದು ಒಳಗೆ ಹೋಗಿ ಸೆಣಬಿನ ಹುರಿಯ ಒಂದು ಸುರುಳಿಯನ್ನು ತಂದು ನನ್ನ ಮುಂದೆ ಹಾಕಿದ. ಹುರಿಯ ತುಂಬ ಗಂಟುಗಳು. ಪುಸ್ತಕದ ಹೆಸರು ಓದುವಂತಿಲ್ಲ, ಬಾಯಿಂದ ಹೇಳುವಂತಿಲ್ಲ. ಅದಕ್ಕೆ ಪೆಟ್ಟಿಗೆಗೊಂದು ಗಂಟು ಹಾಕುತ್ತ ಹೋಗಿದ್ದರು. ಅಂಗಳದಲ್ಲಿ ಕೂತು ಬೆರಳಲ್ಲಿ ಎಣಿಸಿದೆ. ನೂರ ಮೂವತ್ತೇಳರಲ್ಲಿ ಒಂದರ ಮೇಲೊಂದು ಬಿಗಿದ ಜೋಡಿಗಂಟು.

"ಬಾಣಂತಿ," ಎಂದ ಭರಮಪ್ಪ. "ಕೂಸು ಎದಿ ಮ್ಯಾಲೇ ಇತ್ತು. ಹೆಂಗ ಬಿಡಸ್ಲಿ? ಒಂದ ಪೆಟಿಗ್ಯಾಗ ಇಟ್ವಿ."

ಪುಸ್ತಕದಲ್ಲಿ ತಾಯಿಗೆ ಒಂದು ಸಾಲು, ಕೂಸಿಗೆ ಒಂದು ಸಾಲು. ಅಲ್ಲಿಂದ ಪ್ರತಿಯೊಂದು ಪೆಟ್ಟಿಗೆಯೂ ಪುಸ್ತಕಕ್ಕಿಂತ ಒಂದು ಹೆಜ್ಜೆ ಹಿಂದೆ ಬಿದ್ದಿತ್ತು. ನಾನು ಎಣಿಸುತ್ತ ಹೋದೆ. ಇನ್ನೂರ ಎಂಟು ಗಂಟುಗಳಾದ ಮೇಲೆ ಹುರಿ ಒಂದು ಗೇಣಿನಷ್ಟು ಬೋಳಾಗಿತ್ತು. ಗಂಟಿಲ್ಲ. ಆಮೇಲೆ ಮತ್ತೆ ಗಂಟುಗಳು.

"ಇದು?"

ಅವನು ಸುತ್ತ ನೋಡಿದ. "ಒಂದಕ್ಕಿಂತ ಹೆಚ್ಚು ಕುಣಿ ಒಮ್ಮೆಲೇ ತೋಡಿದ್ರ ನಮ್ಮಲ್ಲಿ ಒಂದು ಜಾಸ್ತಿ ತೋಡ್ತೇವ್ರಿ. ಖಾಲಿ ಪೆಟಿಗಿ ಇಟ್ಟು ಮುಚ್ಚತೇವಿ, ನಡುವ ಎಲ್ಲಾದ್ರೂ. ಜೀವ ಒಯ್ಯೋ ಮ್ಯಾಲಿನಾವ ಎಣಸಾಕ ಬಂದ್ರ ಲೆಕ್ಕ ಕೂಡಬಾರದು. ಕೂಡಲಿಲ್ಲ ಅಂದ್ರ ಬ್ಯಾಸತ್ತು ಹೋಗ್ತಾನ." ಹುರಿಯನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡ. "ಲೆಕ್ಕ ತಪ್ಪಲಿ ಅಂತ ತೋಡಿದ್ವಿ. ಆ ತಾಯಿ ಮಗೂ ಒಂದಾಗಿ ಲೆಕ್ಕ ಸರಿ ಮಾಡಿಬಿಟ್ರು. ನಾನೂರ ಹನ್ನೆರಡು ಅಂತ ನೀವು ಅಂದಾಗ ನನಗ ಅಂಜಿಕಿ ಆತು."

"ಆಗಲೇ ಹೇಳಬಾರದಿತ್ತೇ?"

"ಯಾವ ಕುಣಿ ಖಾಲಿ ಅಂತ ತೋಡಿದಾವ ಬಿಟ್ಟು ಯಾರಿಗೂ ಗೊತ್ತಾಗಬಾರದ್ರಿ. ಗೊತ್ತಾದ್ರ, ಗೊತ್ತಾದವರನ್ನ ಅದು ಕರೀತೈತಿ."

"ಈಗ ನನಗೆ ಗೊತ್ತಾಯಿತಲ್ಲ."

ಮೊದಲ ಸಲ ಅವನು ನಕ್ಕ. "ನೀವು ಈ ಊರಿನ ಮಣ್ಣಲ್ಲ ಸಾಹೇಬ್ರ. ಕರದ್ರ ನಿಮಗ ಕೇಳ್ಸೋದಿಲ್ಲ. ಆ ಮುದುಕಿಗೆ ಮಾತ್ರ ಹೇಳಬ್ಯಾಡ್ರಿ. ಆಕಿ ಕಿವಿ ಚುರುಕೈತಿ."

ಎರಡು ದಿನ ಅವನ ಅಂಗಳದಲ್ಲೇ ಕೂತು ಹುರಿಯನ್ನು ಓದಿ ಮೂರನೆಯ ಪಟ್ಟಿಯೊಂದನ್ನು ಮಾಡಿದೆ. ಅದರಲ್ಲಿ ಎರಡೇ ಅಂಕಣ: ಹಳೆಯ ಸಂಖ್ಯೆ, ಹೊಸ ಸಂಖ್ಯೆ. ಪರದೆಯ ಮೇಲಿನ ಬೂದು ಗೆರೆಯನ್ನು ಅಳಿಸಿದೆ. ಎರಡು ವೃತ್ತಗಳು ಬೇರೆ ಬೇರೆಯಾಗಿ ತೇಲಿದವು. ನಡುವೆ ಮೂರನೆಯದನ್ನಿಟ್ಟು, ಎರಡೂ ಕಡೆಗೆ ಗೆರೆ ಎಳೆದು, ಈ ಸಲ ಗುರುತು ನೋಡಿ ಕೂಡಿಸು ಎಂದೆ. ನೂರ ಮೂವತ್ತೆಂಟರಿಂದ ಇನ್ನೂರ ಒಂಬತ್ತರವರೆಗೆ ಎಪ್ಪತ್ತೆರಡು ಹೆಸರುಗಳು ಸರಿದು ತಮ್ಮ ತಮ್ಮ ಜಾಗಕ್ಕೆ ಹೋದವು. ಕಾಲುಂಗುರಗಳು ಹೆಂಗಸರ ಕಾಲಿಗೆ ಬಂದವು. ಯಂತ್ರ ನೂರರಲ್ಲಿ ತೊಂಬತ್ತಾರು ಸಲ ಸರಿ ಹೇಳಿತು. ನಾನು ತೆಗೆದುಹಾಕಿದ್ದ ಮೂಲೆಯ ಚುಕ್ಕೆಯನ್ನು ಮರಳಿ ಸೇರಿಸಿದೆ; ಅದು ಇನ್ನು ಒಂಟಿಯಾಗಿರಲಿಲ್ಲ. ಬೇರೆ ಮಕ್ಕಳ ನಡುವೆ ನಿಂತಿತ್ತು. ಇನ್ನೂರ ಒಂಬತ್ತನೆಯ ಹೊಸ ಕುಣಿಗೆ ಯಾವ ಹೆಸರೂ ಬರಲಿಲ್ಲ. ಅದನ್ನು ತುಂಬಬೇಡ ಎಂದು ಯಂತ್ರಕ್ಕೆ ಹೇಳಿದೆ.

ಅರಳಿಕಟ್ಟಿ ಮೇಡಂ, ಖಾಲಿ ಕುಣಿಯ ಮಾತೊಂದನ್ನು ಬಿಟ್ಟು ನಾನು ಹೇಳಿದ್ದೆಲ್ಲವನ್ನೂ ಕೇಳಿ, ಕನ್ನಡಕ ಒರೆಸಿಕೊಂಡರು. "ಎಪ್ಪತ್ತೆರಡು ಮನಿಗೆ ಹೋಗಿ ಹೇಳಬೇಕು. ನಾನ ಹೋಗ್ತೇನಿ," ಎಂದರು. "ಬಾಳವ್ವನ ಮನಿಗೆ ಮಾತ್ರ ನೀವು ಹೋಗ್ರಿ. ಆಕಿ ನಿಮ್ಮನ್ನ ಕೇಳಿದ್ದು."

ದಾರಿಯುದ್ದಕ್ಕೂ ಒಂದು ವಾಕ್ಯವನ್ನು ಸಿದ್ಧ ಮಾಡಿಕೊಂಡು ಹೋದೆ. ಕಸ್ತೂರಿ ಇನ್ನೂರ ಎಂಟರಲ್ಲಿದ್ದಾಳೆ, ಅಷ್ಟೇ. ಬಾಳವ್ವ ಹೊಸ್ತಿಲ ಒಳಗೆ ಕೌದಿ ಹರಡಿಕೊಂಡು ಕೂತಿದ್ದಳು. ವಾಕ್ಯ ಹೇಳಿದೆ. ಸೂಜಿ ನಿಂತಿತು.

"ಎಲಿ ತಂಬಾಕ ಇಡ್ತಾರಲ್ಲ, ಅಲ್ಲೇನು?"

"ಅಲ್ಲೇ."

ಅವಳಿಗೆ ನಗು ಬಂತು. ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಗಿ, ಸೆರಗಿನಿಂದ ಬಾಯಿ ಒತ್ತಿಕೊಂಡಳು. "ಅಯ್ಯ ನನ್ನ ಕಂದ! ವರ್ಷಪೂರ್ತಿ ಆಕಿಗೆ ತಂಬಾಕ ತಿನಸ್ಯಾರಲ್ಲೋ! ನಾ ಬಾಜೂಕ ಕೂತು, ಈ ಮುದುಕನ ಮಗ ಎಷ್ಟು ಚಂದ ನಡಕೊಳ್ತಾನಪ್ಪಾ ಅಂತಿದ್ದೆ." ಕಣ್ಣೊರೆಸಿಕೊಂಡ ಮೇಲೆ ಮುಖ ಗಂಭೀರವಾಯಿತು. "ಹಂಗಾದ್ರ ನಾ ಇಡೀ ವರ್ಷ ಮಾತಾಡಿದ್ದು ಯಾರ ಜೋಡಿ?"

ಯಾವುದಾದರೂ ಹೆಸರು ಹೇಳಬಹುದಿತ್ತು. ಪಟ್ಟಿಯಲ್ಲಿ ಅಳಿಸಿಹೋದ ಹೆಸರುಗಳು ಅರವತ್ತಿದ್ದವು, ಒಂದನ್ನು ಅಲ್ಲಿ ಮಲಗಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಭರಮಪ್ಪನ ಮಾತು ಕಿವಿಯಲ್ಲಿತ್ತು. ಆದರೆ ಇದೇ ಹೆಂಗಸಿಗೆ ಒಮ್ಮೆ ನಾನು ಇಲ್ಲದ ಬಟ್ಟೆಯ ಚೂರನ್ನು ಓದಿ ಹೇಳಿದ್ದೆ.

"ಯಾರ ಜೊತೆಗೂ ಅಲ್ಲ ಬಾಳವ್ವ. ಅದು ಖಾಲಿ ಇದೆ."

ಅವಳು ಬೆಚ್ಚಲಿಲ್ಲ. ತಲೆಯನ್ನು ಸ್ವಲ್ಪ ವಾರೆ ಮಾಡಿ, ಹಿತ್ತಲಿನಿಂದ ಯಾರೋ ಏನೋ ಹೇಳುತ್ತಿರುವುದನ್ನು ಕೇಳಿಸಿಕೊಳ್ಳುವವಳಂತೆ ಕೂತಳು.

"ಖಾಲಿ," ಎಂದಳು. "ಆಕಿ ಬಾಜೂಕನ."

"ಹೌದು."

"ಅಲ್ಲೋ ತಮ್ಮಾ, ನನಗ ಅಂತನ ತೋಡಿಟ್ಟಾರ, ಇಷ್ಟು ದಿನ ಯಾರೂ ಹೇಳ್ಲಿಲ್ಲ ನೋಡು."

ಅದಾದ ಹತ್ತೊಂಬತ್ತನೆಯ ದಿನ ಬಾಳವ್ವ ತೀರಿಕೊಂಡಳು. ಎದೆಯ ಕಾಯಿಲೆ ಮೊದಲಿನಿಂದಲೂ ಇತ್ತು ಎಂದು ಡಾಕ್ಟರು ಹೇಳಿದರು. ನಾನೂ ಹಾಗೆಂದೇ ಹೇಳಿಕೊಂಡು ಬಂದಿದ್ದೇನೆ. ಆದರೆ ಕೊನೆಯ ವಾರ ಅವಳು ಊರವರ ಕೌದಿಗಳನ್ನೆಲ್ಲ ಮುಗಿಸಿ ಮನೆಮನೆಗೆ ಮುಟ್ಟಿಸಿದಳೆಂದು ತಿಳಿದಾಗ, ಯಾರೋ ಕರೆದದ್ದಕ್ಕೆ ಬಂದೆ ತಡಿ ಎನ್ನುತ್ತ ಕೆಲಸ ಮುಗಿಸುವವರು ಹಾಗೆಯೇ ಮಾಡುತ್ತಾರೆ ಅನ್ನಿಸಿತು. ಹೇಳಿದವನು ನಾನು. ಹೇಳದಿದ್ದರೆ ಏನಾಗುತ್ತಿತ್ತೆಂದು ಲೆಕ್ಕ ಹಾಕಿ ತಿಳಿಸುವ ಯಂತ್ರ ನನ್ನ ಬಳಿ ಇಲ್ಲ.

ಮಣ್ಣು ಕೊಟ್ಟದ್ದು ಮಧ್ಯಾಹ್ನದ ನಂತರ. ಭರಮಪ್ಪ ಇನ್ನೂರ ಒಂಬತ್ತನ್ನು ತೆರೆದು, ಖಾಲಿ ಪೆಟ್ಟಿಗೆಯನ್ನು ಎತ್ತಿ ಗೋಣಿತಟ್ಟಿನಲ್ಲಿ ಸುತ್ತಿ ಬದಿಗಿಟ್ಟ. ಅಷ್ಟು ಹಗುರವಾದದ್ದನ್ನು ಅಷ್ಟು ಜೋಪಾನವಾಗಿ ಹಿಡಿದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಾಳವ್ವನನ್ನು ಮಲಗಿಸಿದರು. ಪಕ್ಕದಲ್ಲಿ ಕಸ್ತೂರಿಯ ಹೆಸರಿನ ಕಲ್ಲು, ಹೊಸದಾಗಿ ಸರಿಸಿ ನೆಟ್ಟದ್ದು, ಬುಡದಲ್ಲಿ ಇನ್ನೂ ಹಸಿ ಮಣ್ಣು. ಫಕೀರಪ್ಪನ ಮಗ ದೂರ ನಿಂತು, ತಂದೆಯ ಎಲೆ ತಂಬಾಕನ್ನು ಯಾವ ಕಲ್ಲಿಗೆ ಇಡಬೇಕೆಂದು ಮೇಡಂ ಅವರನ್ನು ಮೆಲ್ಲಗೆ ಕೇಳುತ್ತಿದ್ದ.

ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದ ಮೇಲೆ ಭರಮಪ್ಪ ಆ ಪೆಟ್ಟಿಗೆಯನ್ನು ಹೆಗಲಿಗೇರಿಸಿ, ಗುದ್ದಲಿ ಹಿಡಿದು, ಕಲ್ಲುಗಳ ನಡುವೆ ಹೊರಟ. ನೆರೆದವರೆಲ್ಲ ಒಟ್ಟಿಗೆ ಬೆನ್ನು ತಿರುಗಿಸಿ ನದಿಯ ಕಡೆ ಮುಖ ಮಾಡಿ ನಿಂತರು. ನಾನೂ ತಿರುಗಿದೆ. ಕೆಳಗೆ ನೀರು ಬಿಸಿಲಿಗೆ ಹೊಳೆಯುತ್ತ ಯಾವ ಅವಸರವೂ ಇಲ್ಲದೆ ಹರಿಯುತ್ತಿತ್ತು. ಬೆನ್ನ ಹಿಂದೆ, ಎಷ್ಟು ದೂರದಲ್ಲೋ, ಎಡಕ್ಕೋ ಬಲಕ್ಕೋ, ಗುದ್ದಲಿ ಮಣ್ಣಿಗೆ ಬೀಳುವ ಸದ್ದು ಶುರುವಾಯಿತು. ಅದು ಯಾವ ದಿಕ್ಕಿನಿಂದ ಬರುತ್ತಿದೆ ಎಂದು ತಿಳಿಯದಿರಲೆಂದು, ಪಕ್ಕದವರಂತೆ ನಾನೂ ಎರಡು ಕೈಗಳಿಂದ ಕಿವಿ ಮುಚ್ಚಿಕೊಂಡೆ.